ರಾನ್ ಬರಾಸಿ

ರಾನ್ ಬರಾಸಿ (27 ಫೆಬ್ರವರಿ 1936 – 16 ಸೆಪ್ಟೆಂಬರ್ 2023) ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಆಟಗಾರ ಹಾಗೂ ತರಬೇತುದಾರ. ವಿಕ್ಟೋರಿಯನ್ ಫುಟ್‌ಬಾಲ್ ಲೀಗಿನಲ್ಲಿ ಆಟಗಾರರಾಗಿ ಆರು ಬಾರಿ, ತರಬೇತುದಾರರಾಗಿ ನಾಲ್ಕು ಬಾರಿ ಪ್ರಶಸ್ತಿ ಗೆದ್ದರು. ಅಂಡಾಕಾರದ ಮೈದಾನದಲ್ಲಿ ತಂಡಕ್ಕೆ ಹದಿನೆಂಟು ಮಂದಿಯಂತೆ ಆಡುವ ಈ ಆಟದಲ್ಲಿ ಚೆಂಡನ್ನು ಎಸೆಯುವಂತಿಲ್ಲ. ಒದೆಯಬೇಕು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬೇಕು. ಹ್ಯಾಂಡ್‌ಬಾಲ್ ಎನ್ನಲಾಗುವ ಈ ಎರಡನೆಯ ವಿಧಾನವು ಬರಾಸಿಯವರ ಹೆಸರಿನೊಡನೆ ಬೆಸೆದುಕೊಂಡಿದೆ.

ಆರಂಭಿಕ ಜೀವನ ಮತ್ತು ಆಟ

ಬರಾಸಿ ವಿಕ್ಟೋರಿಯ ರಾಜ್ಯದ ಕ್ಯಾಸಲ್‌ಮೇನ್‌ನಲ್ಲಿ ಜನಿಸಿದರು. ಅದೇ ಹೆಸರಿನ ಅವರ ತಂದೆ ಮೆಲ್ಬರ್ನ್ ತಂಡದ ಆಟಗಾರರಾಗಿದ್ದು, 1941ರಲ್ಲಿ ಟೊಬ್ರೂಕ್ ಯುದ್ಧಭೂಮಿಯಲ್ಲಿ ಮಡಿದರು. ಆಗ ಮಗನಿಗೆ ಐದು ವರ್ಷ. ತಂದೆಯ ಜೊತೆ ಆಡಿದ್ದ ನಾರ್ಮ್ ಸ್ಮಿತ್ ಮುಂದೆ ಮೆಲ್ಬರ್ನ್ ತಂಡದ ತರಬೇತುದಾರರಾದರು. ಹದಿಹರೆಯದ ಬರಾಸಿ ಅವರ ಮನೆಯಲ್ಲಿಯೇ ಬೆಳೆದರು. ವಾಸಸ್ಥಳವನ್ನು ಅನುಸರಿಸಿ ಆಟಗಾರರನ್ನು ತಂಡಗಳಿಗೆ ಹಂಚುತ್ತಿದ್ದ ಕಾಲವದು. ತಂದೆಯ ತಂಡವನ್ನು ಮಗ ಸೇರಬಹುದೆಂಬ ನಿಯಮದ ಮೊದಲ ಫಲಾನುಭವಿಗಳಲ್ಲಿ ಒಬ್ಬರಾದ ಬರಾಸಿ, 1953ರಲ್ಲಿ ಮೆಲ್ಬರ್ನ್ ಪರ ಕಣಕ್ಕಿಳಿದರು. ತಂದೆ ಧರಿಸಿದ್ದ 31ನೆಯ ಸಂಖ್ಯೆಯೇ ಅವರದೂ ಆಯಿತು. 1955ರಿಂದ 1964ರ ನಡುವೆ ತಂಡ ಗೆದ್ದ ಆರು ಪ್ರಶಸ್ತಿಗಳಲ್ಲಿ ಕೊನೆಯ ಎರಡಕ್ಕೆ ಅವರೇ ನಾಯಕರು.

ತರಬೇತುದಾರರಾಗಿ

ಇಂತಹ ಆಟಗಾರ 1964ರ ಗೆಲುವಿನ ಬೆನ್ನಲ್ಲೇ ಪ್ರತಿಸ್ಪರ್ಧಿ ಕಾರ್ಲ್‌ಟನ್ ತಂಡಕ್ಕೆ ನಾಯಕ ಹಾಗೂ ತರಬೇತುದಾರರಾಗಿ ಹೊರಟದ್ದು ಮೆಲ್ಬರ್ನ್ ಅಭಿಮಾನಿಗಳಿಗೆ ಆಘಾತವನ್ನುಂಟುಮಾಡಿತು. ಸ್ಮಿತ್ ಅವರ ನೆರಳಿನಿಂದ ಹೊರಬಂದು ತಂಡವೊಂದನ್ನು ತಾವೇ ಕಟ್ಟುವ ಅವಕಾಶ ಅವರಿಗೆ ಇಲ್ಲಿ ದೊರೆಯಿತು. ಕಾರ್ಲ್‌ಟನ್ 1968ರಲ್ಲಿ ಪ್ರಶಸ್ತಿ ಗೆದ್ದಿತು. ಮೆಲ್ಬರ್ನ್ ತಂಡವಾದರೋ ಮುಂದಿನ ಪ್ರಶಸ್ತಿಗೆ 2021ರವರೆಗೆ ಕಾಯಬೇಕಾಯಿತು.

1970ರ ಅಂತಿಮ ಪಂದ್ಯವನ್ನು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 1,21,696 ಮಂದಿ ವೀಕ್ಷಿಸಿದರು. ಅರ್ಧ ಆಟ ಮುಗಿದಾಗ ಕಾರ್ಲ್‌ಟನ್, ಕಾಲಿಂಗ್‌ವುಡ್‌ಗಿಂತ 44 ಅಂಕ ಹಿಂದಿತ್ತು. ಚೆಂಡನ್ನು ಕೈಯಿಂದ ದಾಟಿಸುತ್ತ ಓಡುತ್ತಲೇ ಇರಬೇಕೆಂದು ಬರಾಸಿ ವಿರಾಮದಲ್ಲಿ ಸೂಚಿಸಿದರು. ಬದಲಿ ಆಟಗಾರ ಟೆಡ್ ಹಾಪ್ಕಿನ್ಸ್ ನಾಲ್ಕು ಗೋಲು ಹೊಡೆದರು. ಕಾರ್ಲ್‌ಟನ್ 111–101 ಅಂಕಗಳಿಂದ ಗೆದ್ದಿತು. ಆಧುನಿಕ ಹ್ಯಾಂಡ್‌ಬಾಲ್ ಅಂದೇ ಹುಟ್ಟಿತೆಂಬ ಮಾತು ಅತಿಶಯೋಕ್ತಿ. ನಾರ್ಮ್ ಅವರ ಸಹೋದರ ಲೆನ್ ಸ್ಮಿತ್ ಈ ಬಗೆಯ ಆಟವನ್ನು ಮೊದಲೇ ಪ್ರತಿಪಾದಿಸಿದ್ದರು. ಆದರೆ ಅಪಾಯದಿಂದ ಪಾರಾಗಲಷ್ಟೇ ಹೆಚ್ಚಾಗಿ ಬಳಕೆಯಾಗುತ್ತಿದ್ದ ಹ್ಯಾಂಡ್‌ಬಾಲ್, ಆಕ್ರಮಣದ ಅಸ್ತ್ರವೂ ಆಗಬಲ್ಲದೆಂಬುದು ಅಂದು ಎಲ್ಲರ ಕಣ್ಣಿಗೆ ಬಿದ್ದಿತು.

1925ರಲ್ಲಿ ಲೀಗ್ ಸೇರಿದ್ದ ನಾರ್ತ್ ಮೆಲ್ಬರ್ನ್ ತಂಡಕ್ಕೆ ಅವರು 1975ರಲ್ಲಿ ಮೊದಲ ಪ್ರಶಸ್ತಿ ತಂದುಕೊಟ್ಟರು. 1977ರ ಅಂತಿಮ ಪಂದ್ಯ ಸಮಬಲವಾಗಿ, ಮರುವಾರದ ಪಂದ್ಯದಲ್ಲಿ ಅದೇ ತಂಡ ಮತ್ತೆ ಗೆದ್ದಿತು. 1981ರಲ್ಲಿ ಮೆಲ್ಬರ್ನ್‌ಗೆ ಮರಳಿದ ಬರಾಸಿಗೆ ಆ ವರ್ಷ ದಕ್ಕಿದ್ದು ಒಂದೇ ಗೆಲುವು. ಐರ್ಲೆಂಡಿನಿಂದ ಆಟಗಾರರನ್ನು ಕರೆತರುವ ಪ್ರಯತ್ನ ಆ ಅವಧಿಯದು. ಹಾಗೆ ಬಂದ ಜಿಮ್ ಸ್ಟೈನ್ಸ್ 1991ರಲ್ಲಿ ಬ್ರೌನ್ಲೋ ಪದಕ ಪಡೆದರು.

1993ರಲ್ಲಿ ಸೋಲಿನಲ್ಲಿ ಮುಳುಗಿದ್ದ ಸಿಡ್ನಿ ತಂಡದ ಹೊಣೆ ಹೊತ್ತು, 1995ರವರೆಗೆ ಅಲ್ಲಿದ್ದರು. ಮರುವರ್ಷ ಸಿಡ್ನಿ ಅಂತಿಮ ಪಂದ್ಯವನ್ನು ತಲುಪಿತು.