ಸೀಸೆಯೊಳಗಿನ ಕಡಲ ಕಂಪು

ಕಳೆದ ಶ್ರಾವಣಮಾಸದ ಪ್ರವಚನ ಮುಗಿದು ಮಂಗಳಾರತಿಯಾದ ಬಳಿಕ ವಯೋವೃದ್ಧ ತಾಯಿಯೊಬ್ಬರು ನನ್ನ ಬಳಿಗೆ ಬಂದು ಪುಟ್ಟ ಸೀಸೆಯೊಂದನ್ನು ಮುಂದಿಟ್ಟರು. ಪ್ಯಾರಿಸ್ ನಗರದಲ್ಲಿ ಉದ್ಯೋಗದಲ್ಲಿರುವ ಮೊಮ್ಮಗನು ಅಜ್ಜಿಗೆಂದು ಪ್ರೀತಿಯಿಂದ ಕಳುಹಿಸಿದ ಸುಗಂಧವದು. "ಶಾಸ್ತ್ರಿಗಳೇ, ಇದಕ್ಕ ಸಮುದ್ರದ ವಾಸನಿ ಐತೆಂತ ಹೇಳ್ಯಾನ್ರಿ. ಸಮುದ್ರದ ವಾಸನಿ ಅಂದ್ರ ಮೀನಿನ ವಾಸನಿ ಅಲ್ಲೇನ್ರಿ? ಯಾವ ಜೀವಾ ಕೊಂದು ತೆಗೆದಾರೋ ಏನೋ. ಇದನ್ನ ಹಚ್ಚಿಕೊಂಡು ಲಿಂಗಪೂಜಾಕ ಕೂಡಬಹುದೇನ್ರಿ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. "ತಾಯಿ, ವಿಚಾರಿಸಿ ಹೇಳುತ್ತೇನೆ" ಎಂದೆ. ಆ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ಮಾಡಿದ ವಿಚಾರಣೆಯ ಫಲವೇ ಈ ಲೇಖನ. ಇಂತಹ ಸೀಸೆಗಳು ಇಂದು ನಮ್ಮ ಅನೇಕ ಮನೆಗಳನ್ನು ಪ್ರವೇಶಿಸಿರುವುದರಿಂದ ಉತ್ತರವು ಎಲ್ಲರಿಗೂ ಉಪಯುಕ್ತವಾದೀತೆಂದು ಭಾವಿಸಿದ್ದೇನೆ.

ನೀರಿಗೆ ಗಂಧವುಂಟೆ?

ಗಂಧವು ಪೃಥ್ವಿಯ ವಿಶೇಷ ಗುಣವೆಂದೂ, ನೀರಿಗೆ ಸ್ವತಃ ಗಂಧವಿಲ್ಲವೆಂದೂ ನಮ್ಮ ತರ್ಕಶಾಸ್ತ್ರವು ಹೇಳುತ್ತದೆ. ನೀರಿನಲ್ಲಿ ವಾಸನೆಯು ತೋರಿದರೆ ಅದು ಅದರೊಡನೆ ಬೆರೆತ ಪಾರ್ಥಿವ ದ್ರವ್ಯದ್ದೆಂದು ತಿಳಿಯಬೇಕು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ಈ ಮಾತು ಆಧುನಿಕ ರಸಾಯನಶಾಸ್ತ್ರವನ್ನು ಓದುವಾಗ ಮತ್ತೆ ನೆನಪಿಗೆ ಬಂದಿತು. ಶುದ್ಧ ನೀರಿಗೂ ವಾಸನೆಯಿಲ್ಲ, ಉಪ್ಪಿಗೂ ವಾಸನೆಯಿಲ್ಲ. ಉಪ್ಪು ಆವಿಯಾಗಿ ಮೂಗನ್ನು ತಲುಪುವ ವಸ್ತುವೇ ಅಲ್ಲ. ಹಾಗಿದ್ದಮೇಲೆ ಗೋಕರ್ಣದ ತೀರದಲ್ಲಿ ನಿಂತಾಗ ನಮ್ಮ ಮೂಗಿಗೆ ತಾಗುವ ಕಡಲ ವಾಸನೆ ಎಲ್ಲಿಯದು?

ಅದು ಕಡಲೊಳಗಿನ ಜೀವರಾಶಿಯದು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಸ್ಯಜೀವಿಗಳೂ ಕಡಲಪಾಚಿಗಳೂ ತಮ್ಮ ದೇಹದಲ್ಲಿ ಗಂಧಕವುಳ್ಳ ಒಂದು ದ್ರವ್ಯವನ್ನು ಸಂಗ್ರಹಿಸಿಕೊಂಡಿರುತ್ತವೆ. ಅವು ಸತ್ತಾಗ ಅಥವಾ ಇತರ ಜೀವಿಗಳಿಗೆ ಆಹಾರವಾದಾಗ ಆ ದ್ರವ್ಯವು ನೀರಿಗೆ ಸೇರುತ್ತದೆ. ಅದನ್ನು ಬ್ಯಾಕ್ಟೀರಿಯಾಗಳು ವಿಭಜಿಸಿದಾಗ ಡೈಮಿಥೈಲ್ ಸಲ್ಫೈಡ್ ಎಂಬ ಅನಿಲವು ಹೊರಬರುತ್ತದೆ. ಕಡಲ ವಾಸನೆಯ ಮುಖ್ಯಾಂಶವೇ ಇದು. ಈ ಕಾರ್ಯಕ್ಕೆ ಕಾರಣವಾದ ಒಂದು ಜೀನನ್ನು 2007ರಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಜಾನ್ಸ್ಟನ್ ಮತ್ತು ಸಂಗಡಿಗರು ಗುರುತಿಸಿದರು. ದಕ್ಷಿಣಧ್ರುವ ಪ್ರದೇಶದ ಕೆಲವು ಕಡಲಹಕ್ಕಿಗಳು ಇದೇ ವಾಸನೆಯ ಜಾಡು ಹಿಡಿದು ಆಹಾರವಿರುವ ಎಡೆಗೆ ಹಾರುತ್ತವೆಂಬುದನ್ನು 1995ರಲ್ಲಿ ಗೇಬ್ರಿಯೆಲ್ ನೆವಿಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ನಮಗೆ ವಿಹಾರವಾದದ್ದು ಆ ಹಕ್ಕಿಗಳಿಗೆ ಅನ್ನದ ದಾರಿ.

ಸೀಸೆಯಲ್ಲಿರುವುದೇನು?

ಆ ತಾಯಿಯವರು ತಂದ ಸುಗಂಧದ ಹೆಸರು 'ಸೆಲ್ ಮರಾಂ'. ಫ್ರೆಂಚ್ ಭಾಷೆಯಲ್ಲಿ ಕಡಲುಪ್ಪು ಎಂದರ್ಥ. ಪ್ಯಾರಿಸಿನಲ್ಲಿ ನೆಲೆಸಿದ ಜೇಮ್ಸ್ ಹೀಲಿ ಎಂಬ ಬ್ರಿಟಿಷ್ ವಿನ್ಯಾಸಕಾರರು ತಮ್ಮ ಹೆಸರಿನ ಸುಗಂಧಗೃಹದಿಂದ 2008ರಲ್ಲಿ ಇದನ್ನು ಹೊರತಂದರು. ದೊಡ್ಡ ಕಂಪನಿಗಳಂತೆ ಎಲ್ಲರಿಗೂ ಒಪ್ಪುವ ಪರಿಮಳವನ್ನು ಲಕ್ಷಗಟ್ಟಲೆ ಸೀಸೆಗಳಲ್ಲಿ ತುಂಬದೆ, ಕೆಲವೇ ರಸಿಕರಿಗಾಗಿ ವಿಶಿಷ್ಟ ಕಲ್ಪನೆಯಿಂದ ರಚಿಸುವ ಇಂತಹವನ್ನು ಅಲ್ಲಿ 'ನೀಶ್' ಸುಗಂಧಗಳೆನ್ನುತ್ತಾರೆ. ನಿಂಬೆ, ಬೆರ್ಗಮಾಟ್, ಕಡಲಪಾಚಿ, ಉಪ್ಪು, ಸೀಡರ್ ಮರ, ನಮ್ಮ ಲಾವಂಚ ಇವುಗಳ ಕಂಪು ಇದರಲ್ಲಿದೆಯೆಂದು ವರ್ಣಿಸಲಾಗಿದೆ. ಆದರೆ ಉಪ್ಪಿಗೆ ವಾಸನೆಯಿಲ್ಲವೆಂಬುದನ್ನು ಈಗಾಗಲೇ ಕಂಡೆವು. ಆದುದರಿಂದ ಉಪ್ಪಿನ ಕಂಪೆಂಬುದು ಇತರ ದ್ರವ್ಯಗಳ ಹದವಾದ ಮಿಶ್ರಣದಿಂದ ಮನಸ್ಸಿನಲ್ಲಿ ಹುಟ್ಟಿಸುವ ಭಾವನೆ ಮಾತ್ರ.

ನಮ್ಮ ದೇಶದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿ, ಅದರ ಆವಿಯನ್ನು ಶ್ರೀಗಂಧದ ಎಣ್ಣೆಯಲ್ಲಿ ಇಳಿಸಿ, ಮೊದಲ ಮಳೆಯ ಕಂಪುಳ್ಳ ಮಣ್ಣಿನ ಅತ್ತರನ್ನು ತೆಗೆಯುತ್ತಾರೆ. ಕಡಲನ್ನು ಹೀಗೆ ಭಟ್ಟಿಯಿಳಿಸಲು ಸಾಧ್ಯವಿಲ್ಲ. ಕಡಲ ನೀರನ್ನು ಕಾಯಿಸಿದರೆ ದೊರೆಯುವುದು ಸಪ್ಪೆ ನೀರು ಮತ್ತು ತಳದ ಉಪ್ಪು. ಈ ಕೊರತೆಯನ್ನು ರಸಾಯನಶಾಸ್ತ್ರವು ತುಂಬಿತು. 1966ರಲ್ಲಿ ಫೈಜರ್ ಔಷಧ ಕಂಪನಿಯ ಸಂಶೋಧಕರಿಗೆ ಕಲ್ಲಂಗಡಿಯನ್ನೂ ಕಡಲ ಗಾಳಿಯನ್ನೂ ಒಟ್ಟಿಗೆ ನೆನಪಿಸುವ ಒಂದು ದ್ರವ್ಯವು ದೊರೆಯಿತು. ಅದಕ್ಕೆ ಕ್ಯಾಲೋನ್ ಎಂದು ಹೆಸರು. ಎರಡು ದಶಕ ಮೂಲೆಯಲ್ಲಿದ್ದ ಈ ದ್ರವ್ಯವು ಬಳಿಕ ಪ್ರಸಿದ್ಧಿಗೆ ಬಂದು, 1992ರಲ್ಲಿ ಜಪಾನಿನ ಇಸ್ಸೆ ಮಿಯಾಕೆಯವರ ಹೆಸರಿನಲ್ಲಿ ಬಂದ ಸುಗಂಧದ ಮೂಲಕ ಲೋಕದ ತುಂಬ ಕಡಲ ಕಂಪಿನ ಯುಗವನ್ನೇ ತಂದಿತು. ಹೀಗೆ ಕಡಲ ಹೆಸರಿನ ಸೀಸೆಯಲ್ಲಿ ಕಡಲಿನ ಒಂದು ಹನಿಯೂ ಇರಬೇಕಾದುದಿಲ್ಲ.

ಜೀವದ ಪ್ರಶ್ನೆ

ಆದರೂ ಆ ತಾಯಿಯವರ ಶಂಕೆಯು ಹುರುಳಿಲ್ಲದ್ದಲ್ಲ. ಕಡಲಿನಿಂದ ನಿಜವಾಗಿಯೂ ಬರುವ ಒಂದು ಸುಗಂಧವಿದೆ. ಅದೇ ಅಂಬರ್. ಪತ್ರಿಕೆಗಳು ಇದನ್ನು 'ತಿಮಿಂಗಿಲದ ವಾಂತಿ' ಎಂದು ಕರೆಯುತ್ತವೆ. ಸ್ಪರ್ಮ್ ತಿಮಿಂಗಿಲವು ನುಂಗುವ ಸ್ಕ್ವಿಡ್ ಎಂಬ ಜಲಚರಗಳ ಗಟ್ಟಿ ಕೊಕ್ಕುಗಳು ಜೀರ್ಣವಾಗದೆ ಉಳಿದಾಗ, ಅವುಗಳ ಸುತ್ತ ಅದರ ಕರುಳಿನಲ್ಲಿ ಈ ಮೇಣದಂತಹ ವಸ್ತುವು ಕಟ್ಟಿಕೊಳ್ಳುತ್ತದೆ. ಹೊರಬಿದ್ದು ವರ್ಷಗಟ್ಟಲೆ ಬಿಸಿಲು, ಗಾಳಿ, ಉಪ್ಪುನೀರುಗಳಲ್ಲಿ ತೇಲಿದ ಮೇಲೆ ಅದರ ದುರ್ವಾಸನೆ ಅಳಿದು ಸುವಾಸನೆ ಮೂಡುತ್ತದೆ. ತೀರಕ್ಕೆ ಬಂದು ಬಿದ್ದದ್ದನ್ನು ಆಯ್ದರೆ ಹಿಂಸೆಯಿಲ್ಲವೆಂದು ತೋರಬಹುದು. ಆದರೆ ಬೇಟೆಗಾರರು ಎಣ್ಣೆಗಾಗಿ ಕೊಂದ ತಿಮಿಂಗಿಲಗಳ ಒಡಲನ್ನು ಬಗೆದು ಇದನ್ನು ಹುಡುಕಿದ್ದೂ ಇತಿಹಾಸವೇ. ವ್ಯಾಪಾರಕ್ಕಾಗಿ ತಿಮಿಂಗಿಲಗಳನ್ನು ಬೇಟೆಯಾಡುವುದನ್ನು ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ಆಯೋಗವು 1982ರಲ್ಲಿ ನಿರ್ಣಯಿಸಿತು. ನಮ್ಮ ದೇಶದಲ್ಲಿ ಈ ಪ್ರಾಣಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿದ್ದು, ಅಂಬರನ್ನು ಮಾರುವುದು ಅಪರಾಧ. ಹಣದಾಸೆಗೆ ಬಿದ್ದು ಇದರ ಮಾರಾಟಕ್ಕೆ ಹೊರಟ ಯುವಕರು ನಮ್ಮ ನಾಡಿನಲ್ಲಿಯೇ ಪೊಲೀಸರ ವಶವಾದ ಸುದ್ದಿಗಳನ್ನು ಓದುತ್ತಿದ್ದೇವೆ. ಮನೆಯ ಹಿರಿಯರು ಮಕ್ಕಳಿಗೆ ಈ ಮಾತನ್ನು ತಿಳಿಯಹೇಳಬೇಕು.

ಸಮಾಧಾನದ ಸಂಗತಿಯೂ ಇದೆ. 1950ರಲ್ಲಿ ಸ್ವಿಟ್ಜರ್ಲೆಂಡಿನ ಫರ್ಮೆನಿಚ್ ಸಂಸ್ಥೆಯ ರಸಾಯನಜ್ಞರು ಅಂಬರಿನ ಸುವಾಸನೆಗೆ ಕಾರಣವಾದ ದ್ರವ್ಯವನ್ನು ಗಿಡಮೂಲದಿಂದ ಸಿದ್ಧಪಡಿಸಿದರು. ಅದಕ್ಕೆ ಆಧಾರವಾದದ್ದು ಕ್ಲಾರಿ ಸೇಜ್ ಎಂಬ ಮೂಲಿಕೆ. ಅದು ಸಸ್ಯಶಾಸ್ತ್ರದ ಪ್ರಕಾರ ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ್ದು. ಇಂದು ಸುಗಂಧಗಳಲ್ಲಿ ಅಂಬರಿನ ಕಂಪೆಂದು ಹೇಳುವುದು ಬಹುಮಟ್ಟಿಗೆ ಇಂತಹ ದ್ರವ್ಯಗಳ ಕಂಪೇ ಆಗಿದೆ.

ಪರದೇಶದವರನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ನಮ್ಮ ಪ್ರಾಚೀನ ಗಂಧಶಾಸ್ತ್ರವೂ ಈ ಪ್ರಶ್ನೆಯಿಂದ ಮುಕ್ತವಾಗಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿ ಎಂಬ ಅಧ್ಯಾಯವೇ ಇದೆ. ಅಲ್ಲಿ ಬರುವ 'ನಖ'ವೆಂಬುದು ಕಡಲ ಶಂಖುಹುಳುವಿನ ಬಾಯಿಯ ಮುಚ್ಚಳ. ಕಡಲ ಚಿಪ್ಪುಗಳನ್ನು ಸುಟ್ಟು ಇಳಿಸುವ 'ಚೋಯಾ ನಖ್' ಎಂಬ ಹೊಗೆಗಂಪಿನ ತೈಲವನ್ನು ಕನೌಜಿನವರು ಬಲ್ಲರು. ಕನ್ನಡದಲ್ಲಿ 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ, ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಸುಗಂಧಗಳ ವಿಚಾರವಿದೆ. ಕಸ್ತೂರಿಗಾಗಿ ಮೃಗವನ್ನು ಕೊಂದರು. ಪುನುಗಿಗಾಗಿ ಬೆಕ್ಕನ್ನು ಪಂಜರದಲ್ಲಿಟ್ಟು ಪೀಡಿಸಿದರು. ಸೋಮೇಶ್ವರನು ಭೋಗಗಳನ್ನು ವರ್ಣಿಸಿದ ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ತರುವಾಯ ಬಸವಣ್ಣನವರು ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬ ಧರ್ಮವನ್ನು ಸಾರಿದರೆಂಬುದನ್ನು ನಾವು ಮರೆಯಲಾಗದು.

ಆಚಾರಲಿಂಗಕ್ಕೆ ಗಂಧ

ಷಟ್ಸ್ಥಲ ಸಿದ್ಧಾಂತವು ಒಂದೊಂದು ಇಂದ್ರಿಯವನ್ನು ಒಂದೊಂದು ಲಿಂಗದ ಮುಖವೆಂದು ಹೇಳುತ್ತದೆ. ನಾಲಗೆಯ ರುಚಿಯು ಗುರುಲಿಂಗಕ್ಕೆ, ಕಣ್ಣಿನ ರೂಪವು ಶಿವಲಿಂಗಕ್ಕೆ ಅರ್ಪಿತ. ಮೂಗಿನ ಗಂಧವು ಸಲ್ಲುವುದು ಆಚಾರಲಿಂಗಕ್ಕೆ. ಅದರ ತತ್ತ್ವ ಪೃಥ್ವಿ, ಸ್ಥಲ ಭಕ್ತಸ್ಥಲ. ಮೆಟ್ಟಿಲುಗಳಲ್ಲಿ ಮೊದಲನೆಯದೇ ಇದು. ಗಂಧವನ್ನು ಆಚಾರಕ್ಕೆ ಸೇರಿಸಿದುದರಲ್ಲಿ ಆಳವಾದ ವಿವೇಕವಿದೆಯೆಂದು ನನಗೆ ತೋರುತ್ತದೆ. ಕಣ್ಣನ್ನು ಮುಚ್ಚಬಹುದು, ಬಾಯಿಯನ್ನು ಬಿಗಿಯಬಹುದು. ಉಸಿರಾಡುವಷ್ಟು ಕಾಲ ಮೂಗನ್ನು ಮುಚ್ಚಲಾಗದು. ಗಂಧವು ಉಸಿರಿನೊಡನೆಯೇ ಒಳಹೊಗುತ್ತದೆ. ಆದುದರಿಂದ ಅದು ಹಿತವಾಗಿದ್ದರೆ ಸಾಲದು. ಯಾವ ನಡೆಯಿಂದ ನಮ್ಮ ಬಳಿಗೆ ಬಂದಿತೆಂಬುದನ್ನೂ ನೋಡಬೇಕು. ಈ ಪರೀಕ್ಷೆ ಪ್ಯಾರಿಸಿನ ಸೀಸೆಗೆ ಹೇಗೋ ನಮ್ಮ ಶ್ರೀಗಂಧದ ಕೊರಡಿಗೂ ಹಾಗೆಯೇ ಅನ್ವಯಿಸುತ್ತದೆ. ಕಳವಿನಿಂದ ಕಡಿದು ತಂದ ಮರದ ಗಂಧವನ್ನು ತೇಯ್ದು ಲಿಂಗಕ್ಕೆ ಅರ್ಪಿಸಿದರೆ ಅದು ಪ್ರಸಾದವಾದೀತೆ?

ದೀಪಾವಳಿಯ ಮುನ್ನ ಆ ತಾಯಿಯವರ ಮನೆಗೆ ಹೋಗಿ ನಾನು ನಿವೇದಿಸಿದ್ದು ಇಷ್ಟು: "ತಾಯಿ, ಈ ಬಗೆಯ ಕಂಪಿಗೆ ಜೀವಹಿಂಸೆಯ ಅಗತ್ಯವಿಲ್ಲ. ಆದರೂ ಸಂಶಯ ಉಳಿಯದಂತೆ, ಇದರಲ್ಲಿ ಪ್ರಾಣಿಮೂಲದ ದ್ರವ್ಯವಿದೆಯೇ ಎಂದು ಅಂಗಡಿಯವರಿಗೆ ಬರೆದು ಕೇಳುವಂತೆ ಮೊಮ್ಮಗನಿಗೆ ಹೇಳಿರಿ. ಕೇಳುವುದು ಕೊಳ್ಳುವವರ ಹಕ್ಕು. ಇಲ್ಲವೆಂದರೆ ಉಟ್ಟ ಸೀರೆಯ ಸೆರಗಿಗೆ ಸವರಿಕೊಳ್ಳಿರಿ. ಇಷ್ಟಲಿಂಗಕ್ಕೆ ಮಾತ್ರ ತಾಗಿಸಬೇಡಿರಿ. ಇಂತಹ ಸುಗಂಧಗಳ ಬಹುಭಾಗ ಮದ್ಯಸಾರವೇ ಆಗಿರುತ್ತದೆ. ಅದು ಪೂಜಾದ್ರವ್ಯವಲ್ಲ, ಲಿಂಗದ ಕಂತಿಗೂ ಹಾನಿ ತಗುಲೀತು. ಪೂಜೆಗೆ ವಿಭೂತಿ, ಪತ್ರೆ, ಹಿತ್ತಲಿನ ಒಂದು ಹೂವು ಸಾಕು."

ಆ ತಾಯಿಯವರು ಅಂದೇ ಮೊಮ್ಮಗನಿಗೆ ದೂರವಾಣಿ ಮಾಡಿಸಿದರು. ಮೊದಲು ನಕ್ಕ ಆ ಹುಡುಗನು ಅಜ್ಜಿಯ ಮಾತನ್ನು ಮೀರಲಾರದೆ ಬರೆದು ಕೇಳುವೆನೆಂದು ಒಪ್ಪಿದನಂತೆ. ಉತ್ತರವು ಬರುವವರೆಗೆ ಸೀಸೆಯು ಪೂಜೆಯ ಕೋಣೆಯ ಹೊರಗಿನ ಗೂಡಿನಲ್ಲಿ ಮುಚ್ಚಳ ಬಿಗಿದುಕೊಂಡು ಕುಳಿತಿದೆ. ತಾನು ಕೊಂಡ ವಸ್ತುವಿನ ಮೂಲವನ್ನು ಅದುವರೆಗೆ ಎಂದೂ ಕೇಳದಿದ್ದ ಒಬ್ಬ ಯುವಕನಿಂದ ಆ ಪ್ರಶ್ನೆಯನ್ನು ಕೇಳಿಸಿದ ಆ ಹಿರಿಯ ಜೀವಕ್ಕೆ ನನ್ನ ಶರಣು ಶರಣಾರ್ಥಿಗಳು.