ವಂಡರ್‌ಲಾಗೆ ಮೊದಲ ಪ್ರವಾಸ: ಅಮ್ಮ ಚೀಲ ಕಾಯಬೇಕಿಲ್ಲ

ಬೇಸಿಗೆ ರಜ ಬಂತೆಂದರೆ ಮಕ್ಕಳದು ಒಂದೇ ರಾಗ: "ಅಮ್ಮಾ, ವಂಡರ್‌ಲಾಗೆ ಯಾವಾಗ?" ಶಾಲೆಯ ಪ್ರವಾಸದಲ್ಲಿ ಹೋಗಿ ಬಂದ ಪಕ್ಕದ ಮನೆ ಹುಡುಗ ಹೇಳಿದ್ದೇ ಹೇಳಿದ್ದು, ಇವರು ಕೇಳಿದ್ದೇ ಕೇಳಿದ್ದು. ತೊಂಡೇಬಾವಿ, ಗೌರಿಬಿದನೂರಿನ ಕಡೆ ನಮ್ಮ ಕಾಲಕ್ಕೆ ಆಟವೆಂದರೆ ಘಾಟಿ ಸುಬ್ರಹ್ಮಣ್ಯದ ಜಾತ್ರೆಯ ರಂಕಲರಾಟೆ, ಕಡ್ಲೆಪುರಿ, ಬತ್ತಾಸು. ಅದಕ್ಕೆ ಯಾರೂ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಿರಲಿಲ್ಲ. ಆದರೆ ಐದು ಜನರ ಸಂಸಾರ ಬಿಡದಿಯ ತನಕ ಹೋಗಿ ಬರುವುದೆಂದರೆ ಹಾಗಲ್ಲ. ಒಂದು ಕಡೆಗೇ ಸುಮಾರು 100 ಕಿ.ಮೀ. ದಾರಿ. ಟಿಕೇಟು, ಊಟ, ಪ್ರಯಾಣ ಎಲ್ಲ ಸೇರಿದರೆ ಏಳೆಂಟು ಸಾವಿರಕ್ಕೆ ಕಡಿಮೆಯಾಗದು.

ಇಂಥ ದೊಡ್ಡ ಆಟದ ತೋಟಗಳು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ವಾಲ್ಟ್ ಡಿಸ್ನಿ ತನ್ನ ಹೆಣ್ಣುಮಕ್ಕಳನ್ನು ಆಟದ ಕುದುರೆಗಳ ಮೇಲೆ ಕೂರಿಸಿ, ತಾನು ಪಕ್ಕದ ಬೆಂಚಿನ ಮೇಲೆ ಕಾಯುತ್ತ ಕೂರುತ್ತಿದ್ದನಂತೆ. ಮಕ್ಕಳ ಜೊತೆ ಅಪ್ಪ-ಅಮ್ಮನೂ ಆಡುವಂಥ ಜಾಗ ಯಾಕಿರಬಾರದು ಎಂದು ಅವನಿಗೆ ಹೊಳೆದದ್ದು ಆಗಲೇ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ನಮ್ಮ ದೇಶದಲ್ಲಿ ಮುಂಬಯಿಯ ಎಸ್ಸೆಲ್ ವರ್ಲ್ಡ್ 1989ರಲ್ಲಿ ಬಂತು. ವಿ-ಗಾರ್ಡ್ ಸ್ಟೆಬಿಲೈಜರ್ ಹೆಸರು ಕೇಳಿದ್ದೀರಲ್ಲ, ಆ ಮನೆತನದವರೇ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಕಟ್ಟಿ, 2005ರಲ್ಲಿ ಬೆಂಗಳೂರು-ಮೈಸೂರು ರಸ್ತೆಯಲ್ಲಿ ವಂಡರ್‌ಲಾ ತೆರೆದರು. ಉಳಿದುಕೊಳ್ಳುವವರಿಗೆ ಅಲ್ಲೇ ರೆಸಾರ್ಟ್ ಬಂದದ್ದು 2012ರಲ್ಲಿ.

ಡಿಸ್ನಿ ಬೆಂಚು ಬಿಟ್ಟು ಎದ್ದ, ಸರಿ. ನಮ್ಮ ಹೆಂಗಸರು ಮಾತ್ರ ಇನ್ನೂ ಆ ಬೆಂಚಿನ ಮೇಲೇ ಕೂತಿದ್ದಾರೆ! ಇಂಥ ಯಾವ ಜಾಗಕ್ಕೇ ಹೋಗಿ ನೋಡಿ: ಗಂಡ-ಮಕ್ಕಳು ನೀರಿನಲ್ಲಿ, ಅಮ್ಮ ರೇಷ್ಮೆ ಸೀರೆ ಉಟ್ಟು ದಡದಲ್ಲಿ ಚೀಲ, ಚಪ್ಪಲಿ, ಮೊಬೈಲು ಕಾಯುತ್ತ. ಟಿಕೇಟಿನ ದುಡ್ಡು ಆಕೆಗೂ ಕೊಟ್ಟಿರುತ್ತದೆ, ನೆನಪಿರಲಿ. ಇದಕ್ಕೆ ಅರ್ಧ ಕಾರಣ ಸಂಕೋಚ, ಇನ್ನರ್ಧ ಬಟ್ಟೆ.

ಬಟ್ಟೆಯ ವಿಷಯವನ್ನು ಊರು ಬಿಡುವ ಮೊದಲೇ ತೀರ್ಮಾನಿಸಿ. ಸೀರೆ, ಚೂಡಿದಾರ, ಹತ್ತಿಯ ನೈಟಿ ಹಾಕಿಕೊಂಡು ನೀರಿನಾಟಗಳಿಗೆ ಹೋಗಲು ಬಿಡುವುದಿಲ್ಲ. ಇದು ಬರೀ ದರ್ಪದ ನಿಯಮ ಅಂದುಕೊಳ್ಳಬೇಡಿ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಯ ನಡುವೆಯೇ ಮೈ ನಿಂತುಬಿಡಬಹುದು. ಸೆರಗು, ವೇಲು ಕೈಕಾಲಿಗೆ ಸುತ್ತಿಕೊಳ್ಳುತ್ತದೆ. ನೈಲಾನ್ ಬಟ್ಟೆಯದಾದರೆ ಆಯಿತು. ಹಾಗೆಂದು ಮೈ ಕಾಣುವ ಉಡುಪೇ ಆಗಬೇಕೆಂದಿಲ್ಲ ರೀ. ಮೈ ಮುಚ್ಚುವ ತೋಳಿನ ನೈಲಾನ್ ಅಂಗಿ, ಕಾಲಿನ ತನಕ ಬರುವ ಅದೇ ಬಟ್ಟೆಯ ಲೆಗ್ಗಿಂಗ್ ಸಾಕು. ಗಾಢ ಬಣ್ಣದ್ದೇ ಇರಲಿ, ಒದ್ದೆಯಾದರೆ ಮುಜುಗರವಿಲ್ಲ. ಅಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಐದು ಜನರಿಗೂ ಅಲ್ಲೇ ಕೊಂಡರೆ ಜೇಬು ಹಗುರ. ಗೌರಿಬಿದನೂರಿನಲ್ಲೋ ದೊಡ್ಡಬಳ್ಳಾಪುರದಲ್ಲೋ ಮೊದಲೇ ವಿಚಾರಿಸಿ. ಮನೆಯಲ್ಲಿ ಒಂದು ಸಲ ಹಾಕಿ ನೋಡಿಕೊಳ್ಳಿ, ಅರ್ಧ ಸಂಕೋಚ ಅಲ್ಲೇ ಬಿಡುತ್ತದೆ.

ಒಡವೆ ಮನೆಯಲ್ಲೇ ಇರಲಿ. ಮಾಂಗಲ್ಯದ ಸರ ತೆಗೆಯಲು ಮನಸ್ಸು ಒಪ್ಪದವರು ಅರಿಶಿನದ ದಾರಕ್ಕೆ ಕೊಂಬು ಕಟ್ಟಿ ಹಾಕಿಕೊಂಡು ಹೋಗಬಹುದು. ಅತ್ತೆಯವರೂ ಇದಕ್ಕೆ ಬೇಡವೆನ್ನಲಾರರು. ಜಡೆ ಗಟ್ಟಿಯಾಗಿ ಹೆಣೆದು ಕಟ್ಟಿ, ಹೂ ಮುಡಿಯಬೇಡಿ. ದಿನ ಗೊತ್ತುಮಾಡುವಾಗ ನಿಮ್ಮ ತಿಂಗಳ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲರ ರಜೆ ನೋಡಿ ಕೊನೆಗೆ ನಮ್ಮದನ್ನೇ ಮರೆಯುತ್ತೇವೆ. ಚೀಲಗಳಿಗೆ ಬಾಡಿಗೆ ಲಾಕರ್ ಇದೆ. ಆ ದುಡ್ಡು ಉಳಿಸಲು ಹೋಗಿ ಇಡೀ ದಿನ ಕಾವಲು ಕೂರಬೇಡಿ.

ಮಕ್ಕಳನ್ನು ಗೋಡೆಗೆ ಒರಗಿಸಿ ಎತ್ತರ ಅಳೆದು ಗುರುತು ಹಾಕಿ. ಅಲ್ಲಿ ವಯಸ್ಸಲ್ಲ, ಎತ್ತರವೇ ಲೆಕ್ಕ. 85 ಸೆಂ.ಮೀ.ಗಿಂತ ಕಡಿಮೆಯಿರುವ ಕೂಸಿಗೆ ಟಿಕೇಟಿಲ್ಲ, ಅಲ್ಲಿಂದ 140ರವರೆಗೆ ಮಕ್ಕಳ ದರ, ಅದರ ಮೇಲೆ ದೊಡ್ಡವರ ದರ. ಹಿಂದಕ್ಕೂ ಮುಂದಕ್ಕೂ ಓಡುವ 'ರಿಕಾಯಿಲ್' ತರಹದ ಎದೆ ನಡುಗಿಸುವ ಆಟಗಳಿಗೆ ಗಿಡ್ಡ ಮಕ್ಕಳನ್ನು ಹತ್ತಿಸುವುದೇ ಇಲ್ಲ. ಗಂಟೆಗಟ್ಟಲೆ ಸರದಿಯಲ್ಲಿ ನಿಂತು ಬಾಗಿಲಲ್ಲಿ "ನೀನು ಬೇಡ" ಅನ್ನಿಸಿಕೊಂಡರೆ ಮಗುವಿನ ಮುಖ ನೋಡಲಾಗದು. "ನಿನಗೆ ಇವು, ಅಣ್ಣನಿಗೆ ಅವು" ಎಂದು ಮನೆಯಲ್ಲೇ ಹೇಳಿ ಒಪ್ಪಿಸಿಬಿಡಿ. ಬಸುರಿಯರು, ಹೃದಯದ ತೊಂದರೆ, ಬಿ.ಪಿ., ಬೆನ್ನುನೋವು ಇರುವವರು ಅಂಥ ಆಟಗಳ ಹತ್ತಿರ ಸುಳಿಯದಿರುವುದು ಕ್ಷೇಮ. ಅತ್ತೆ-ಮಾವನವರನ್ನು ಕರೆದೊಯ್ಯುವುದಾದರೆ ನಿಧಾನ ಹರಿಯುವ 'ಲೇಜಿ ರಿವರ್' ಅವರಿಗೂ ಹಿಡಿಸುತ್ತದೆ. ಅವರ ಆಧಾರ್ ಕಾರ್ಡಿನ ಮೂಲಪ್ರತಿ ಜೊತೆಗಿರಲಿ, ಹಿರಿಯರಿಗೆ ದರದಲ್ಲಿ ರಿಯಾಯಿತಿ ಉಂಟು.

ದುಡ್ಡಿನ ಮಾತು. ಟಿಕೇಟಿನ ದರ ದಿನಕ್ಕೊಂದು ಬಗೆ. ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ ಹೆಚ್ಚು, ವಾರದ ನಡುವೆ ಕಡಿಮೆ. ಮೊಬೈಲಿನಲ್ಲಿ ಮುಂಚೆಯೇ ಕಾಯ್ದಿರಿಸಿದರೂ ಒಂದಿಷ್ಟು ಉಳಿತಾಯ. ಮಂಗಳವಾರ, ಬುಧವಾರ ಹೋದರೆ ಸರದಿ ತಪ್ಪಿಸುವ ದುಬಾರಿ 'ಫಾಸ್ಟ್ ಟ್ರ್ಯಾಕ್' ಟಿಕೇಟಿಗೆ ಸುರಿಯುವ ಅಗತ್ಯ ನನಗಂತೂ ಕಾಣದು. ಡೈರಿಯ ಪ್ರತಿ ಬಟವಾಡೆಯಲ್ಲಿ ಐನೂರು ತೆಗೆದಿಟ್ಟರೆ ವರುಷದೊಳಗೆ ಪ್ರವಾಸದ ಗಂಟು ಆಗುತ್ತದೆ. ಸಾಲ ಮಾಡಿ ಮಾತ್ರ ಹೋಗಬೇಡಿ.

ತೊಂಡೇಬಾವಿಯಿಂದ ರೈಲು ಹಿಡಿದರೆ ಮಾಕಳಿದುರ್ಗದ ಬೆಟ್ಟ ನೋಡುತ್ತ ಬೆಂಗಳೂರು. ಅಲ್ಲಿ ಮೆಜೆಸ್ಟಿಕ್ಕಿನಿಂದ ಬಿಡದಿ ಕಡೆಗೆ ಬಸ್ಸುಗಳಿವೆ. ಒಂದು ಎಚ್ಚರಿಕೆ: 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ಮೈಸೂರಿಗೆ ನೇರ ಹೋಗುವ ಬಸ್ಸುಗಳೆಲ್ಲ ಬಿಡದಿಯಲ್ಲಿ ನಿಲ್ಲುವುದಿಲ್ಲ, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಅದೇ ವರ್ಷದ ಶಕ್ತಿ ಯೋಜನೆಯಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಖರ್ಚಿಲ್ಲ. ಮೂರು ಮನೆಯವರು ಕೂಡಿ ಒಂದು ಟಿ.ಟಿ. ಗಾಡಿ ಮಾಡಿಕೊಂಡರೆ ಎಲ್ಲಕ್ಕಿಂತ ಸುಖ. ಆಟ ಮುಗಿಯುವುದು ಸಂಜೆ ಕಳೆದ ಮೇಲೆ, ಒದ್ದೆ ತಲೆಯ ಮಕ್ಕಳನ್ನು ಕಟ್ಟಿಕೊಂಡು ಬಸ್ಸು, ರೈಲು ಬದಲಾಯಿಸಿ ಊರು ಸೇರುವಾಗ ನಡುರಾತ್ರಿ. ಯಲಹಂಕದಲ್ಲೋ ಕೆಂಗೇರಿಯಲ್ಲೋ ನೆಂಟರಿದ್ದರೆ ಆ ರಾತ್ರಿ ಅಲ್ಲಿ ತಂಗಿ. ರೆಸಾರ್ಟ್ ಕೋಣೆ ಹಿಡಿಯುವವರು ತಿಂಡಿ, ಪಾರ್ಕಿನ ಟಿಕೇಟು ಅದರಲ್ಲೇ ಸೇರಿದೆಯೇ ಎಂದು ಕೇಳಿಯೇ ದುಡ್ಡು ಕಟ್ಟಿ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಎಳೆಕೂಸಿನ ಆಹಾರ ಬೇರೆ ಮಾತು. ಆದ್ದರಿಂದ ಬುತ್ತಿ ದಾರಿಯಲ್ಲೇ ಮುಗಿಯುವಷ್ಟಿರಲಿ. ನಿಂಬೆಹಣ್ಣಿನ ಚಿತ್ರಾನ್ನಕ್ಕೆ ತೆಂಗಿನಕಾಯಿ ಹಾಕಬೇಡಿ, ಸೆಕೆಗೆ ಹಳಸುತ್ತದೆ. ಅನ್ನ ಪೂರ್ತಿ ಆರಿದ ಮೇಲೆ ಒಗ್ಗರಣೆ ಕಲಸಿ, ಹುರಿದ ಕಡ್ಲೆಬೀಜ ಮುಂದಾಗಿ ಹಾಕಿ. ಒಳಗೆ ಹೋದವರು ಮೊದಲು ಒಣ ಆಟ ಮುಗಿಸಿ. ನೀರಿನಾಟ ಶುರುವಾಗುವುದೇ ತಡ. ಹೊಟ್ಟೆ ಬಿರಿಯ ತಿಂದು ಗಿರಗಿರ ತಿರುಗುವ ಆಟ ಹತ್ತಿದರೆ ವಾಂತಿ ಗ್ಯಾರಂಟಿ. ಅಲೆ ಏಳುವ ಕೊಳದಲ್ಲಿ ಚಿಕ್ಕವರ ಕೈ ಬಿಡಬೇಡಿ. ಮೊಬೈಲು ಲಾಕರಿನಲ್ಲಿರುತ್ತದೆ, ಆದ್ದರಿಂದ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಜಾಗ ಗೊತ್ತುಮಾಡಿ. ಅಪ್ಪನ ನಂಬರು ಮಕ್ಕಳಿಗೆ ಬಾಯಿಪಾಠವಾಗಿರಲಿ.

ವಾಪಸಾಗುವಾಗ ಬಿಡದಿಯ ತಟ್ಟೆ ಇಡ್ಲಿ ತಿಂದೇ ಹೊರಡಿ, ರಾತ್ರಿ ಅಡುಗೆಯ ಗೋಜಿಲ್ಲ. ಮಾರನೇ ದಿನಕ್ಕೆ ದೋಸೆ ಹಿಟ್ಟು ರುಬ್ಬಿ ಫ್ರಿಜ್ಜಿನಲ್ಲಿಟ್ಟಿರಿ, ಮೈಕೈ ನೋವಿಗೆ ಸೌಟು ಹಿಡಿಯುವುದೇ ಹೆಚ್ಚು. ಹಸು ಕಟ್ಟಿದವರು ಎರಡು ಹೊತ್ತಿನ ಹಾಲು ಕರೆಯಲು ಪಕ್ಕದ ಮನೆಯಾಕೆಗೆ ಈಗಲೇ ಹೇಳಿ. ನಾಲ್ಕು ದಿನ ಮುಂಚೆ ನಿಮ್ಮೆದುರಿಗೇ ಆಕೆ ಒಂದೆರಡು ಸಲ ಕರೆಯಲಿ, ಹಸುವಿಗೆ ಆ ಕೈ ಅಭ್ಯಾಸವಾಗುತ್ತದೆ.