ಸ್ಪೋರ್ಟ್ಸ್ ಮಾದರಿಯ ಹೊಸ ಮೋಟಾರ್ ಸೈಕಲ್: ಮಾಪಕ ಫಲಕ ಮತ್ತು ನಿಯಂತ್ರಣಗಳ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಹೊಸ ಮೋಟಾರ್ ಸೈಕಲ್ ಖರೀದಿಸಿ ಕೆಎ-49 ನೋಂದಣಿ ಸಂಖ್ಯೆ ಪಡೆಯಲು ಅಥವಾ ಚಾಲನಾ ಲೈಸೆನ್ಸಿಗಾಗಿ ಅರ್ಜಿ ಸಲ್ಲಿಸುವವರಲ್ಲಿ ಸ್ಪೋರ್ಟ್ಸ್ ಮಾದರಿಯ ವಾಹನವನ್ನು ಬಯಸುವ ಯುವಕರೂ ಇರುತ್ತಾರೆ. ಇಂತಹ ವಾಹನದ ಮಾಪಕ ಫಲಕದಲ್ಲಿ ಏನಿರಬೇಕು, ಯಾವ ಸ್ವಿಚ್ ಎಲ್ಲಿರಬೇಕು ಎಂಬುದು ಅವರ ಮುಖ್ಯ ವಿಚಾರಣೆಗಳಲ್ಲಿ ಒಂದು. ಇವುಗಳಲ್ಲಿ ಯಾವುದು ಸವಾರನಿಗೆ ನಿಜವಾಗಿ ಉಪಯುಕ್ತ, ಯಾವುದು ಕಾನೂನಿನ ಪ್ರಕಾರ ಕಡ್ಡಾಯ, ಖರೀದಿಯ ನಂತರ ಯಾವುದನ್ನು ಬದಲಾಯಿಸುವಂತಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೋಟಾರು ವಾಹನಗಳ ಕಾಯ್ದೆ, 1988ರಲ್ಲಿ ಮೋಟಾರ್ ಸೈಕಲ್‌ಗಳಿಗೆ ಗೇರ್ ಸಹಿತ ಮತ್ತು ಗೇರ್ ರಹಿತ ಎಂಬ ಎರಡೇ ಲೈಸೆನ್ಸ್ ವರ್ಗಗಳಿವೆ. ಬ್ರಿಟನ್ ಮುಂತಾದ ದೇಶಗಳಲ್ಲಿ ಎಂಜಿನ್ ಶಕ್ತಿಗೆ ಅನುಗುಣವಾಗಿ ಹಂತ ಹಂತವಾಗಿ ಲೈಸೆನ್ಸ್ ನೀಡುವ ಪದ್ಧತಿ ಇದ್ದರೂ ನಮ್ಮಲ್ಲಿ ಅದು ಇಲ್ಲ. 100 ಸಿ.ಸಿ. ವಾಹನದ ಮೇಲೆ ಪರೀಕ್ಷೆ ಕೊಟ್ಟ 18 ವರ್ಷದ ಅಭ್ಯರ್ಥಿಯು ಮರುದಿನವೇ 300 ಸಿ.ಸಿ. ವಾಹನವನ್ನು ಚಲಾಯಿಸಲು ಅರ್ಹನಾಗುತ್ತಾನೆ. ಆದ್ದರಿಂದ ಹೊಸ ವಾಹನದ ನಿಯಂತ್ರಣಗಳನ್ನು ಅರಿತುಕೊಳ್ಳುವ ಹೊಣೆ ಸವಾರನ ಮೇಲೆಯೇ ಬೀಳುತ್ತದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮೃತಪಟ್ಟ 1,68,491 ಜನರಲ್ಲಿ ಶೇಕಡ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಮಾಪಕ ಫಲಕ

ಹಿಂದಿನ ಮೋಟಾರ್ ಸೈಕಲ್‌ಗಳಲ್ಲಿ ವೇಗಮಾಪಕದ ಮುಳ್ಳು ಮತ್ತು ಒಂದೆರಡು ದೀಪಗಳ ಹೊರತು ಹೆಚ್ಚೇನೂ ಇರುತ್ತಿರಲಿಲ್ಲ. 2006ರ ಪಲ್ಸರ್ ಮತ್ತು 2008ರಲ್ಲಿ ಬಂದ ಯಮಹಾ ಆರ್15 ವಾಹನಗಳೊಂದಿಗೆ ಅಂಕಿಗಳಲ್ಲಿ ವೇಗ ತೋರಿಸುವ ಫಲಕವು ಸಾಮಾನ್ಯ ಖರೀದಿದಾರರ ಕೈಗೆಟುಕಿತು. ಈಗ ಬಣ್ಣದ ಪರದೆ, ಮೊಬೈಲ್ ಜೋಡಣೆ, ಮಳೆ ಮತ್ತು ನಗರ ಸಂಚಾರಕ್ಕೆ ಪ್ರತ್ಯೇಕ ಚಾಲನಾ ವಿಧಾನಗಳು ಕೆಲವು ಮಾದರಿಗಳಲ್ಲಿ ಲಭ್ಯವಿವೆ.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 117ರ ಮೇರೆಗೆ ವೇಗಮಾಪಕ ಇರತಕ್ಕದ್ದು ಮತ್ತು ಅದು ಸುಸ್ಥಿತಿಯಲ್ಲಿರತಕ್ಕದ್ದು. ಎಂಜಿನ್ ಸುತ್ತುಗಳನ್ನು ತೋರಿಸುವ ಮಾಪಕ, ಗೇರ್ ಸಂಖ್ಯೆ ಮತ್ತು ಗೇರ್ ಬದಲಿಸಲು ಸೂಚಿಸುವ ದೀಪ ಇವು ತಯಾರಕರು ನೀಡುವ ಸೌಲಭ್ಯಗಳು. ಇವುಗಳಲ್ಲಿ ಗೇರ್ ಸಂಖ್ಯೆಯ ಸೂಚನೆಯು ಹೊಸ ಸವಾರರಿಗೆ ಹೆಚ್ಚು ಉಪಯುಕ್ತ. ಸಂಕೇಶ್ವರದ ಬಳಿ ರಾಷ್ಟ್ರೀಯ ಹೆದ್ದಾರಿಯಿಂದ ಊರೊಳಗಿನ ರಸ್ತೆಗೆ ತಿರುಗುವಾಗ ಯಾವ ಗೇರ್‌ನಲ್ಲಿದ್ದೇನೆ ಎಂದು ಕಾಲಿನಿಂದ ತಡಕುವ ಅಗತ್ಯ ಬೀಳುವುದಿಲ್ಲ. ಪರದೆಯನ್ನು ಅಂಗಡಿಯ ನೆರಳಿನಲ್ಲಿ ನೋಡಿ ಮೆಚ್ಚುವ ಬದಲು ಮಧ್ಯಾಹ್ನದ ಬಿಸಿಲಿಗೆ ವಾಹನವನ್ನು ತಂದು ಅಂಕಿಗಳು ಕಾಣುತ್ತವೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು.

ಎಚ್ಚರಿಕೆ ದೀಪಗಳ ಅರ್ಥವನ್ನು ತಿಳಿದಿರುವುದು ಅವಶ್ಯಕ. ನೀಲಿ ದೀಪವು ಹೆಡ್‌ಲೈಟಿನ ಮೇಲ್ಕಿರಣವನ್ನು, ಹಸಿರು ದೀಪಗಳು ನ್ಯೂಟ್ರಲ್ ಹಾಗೂ ತಿರುವು ಸೂಚಕಗಳನ್ನು ತೋರಿಸುತ್ತವೆ. ಎಂಜಿನ್ ಆಕೃತಿಯ ಹಳದಿ ದೀಪವು ವಾಹನ ಚಲಿಸುವಾಗ ಆರದೆ ಉರಿಯುತ್ತಿದ್ದರೆ ಹೊಗೆ ನಿಯಂತ್ರಣ ಅಥವಾ ಇಂಧನ ವ್ಯವಸ್ಥೆಯಲ್ಲಿ ದೋಷವಿದೆಯೆಂದು ತಿಳಿಯಬೇಕು. ಎಬಿಎಸ್ ದೀಪವು ಕೀಲಿ ತಿರುಗಿಸಿದಾಗ ಹೊತ್ತಿ, ವಾಹನ ಮುಂದೆ ಸಾಗಿದ ಕೂಡಲೇ ಆರತಕ್ಕದ್ದು. ಆರದಿದ್ದಲ್ಲಿ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಚಕ್ರ ಬಿಗಿಯಾಗಿ ನಿಂತು ಜಾರುವುದನ್ನು ತಡೆಯುವ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ ಎಂದರ್ಥ. 125 ಸಿ.ಸಿ. ಮೀರಿದ ಹೊಸ ಮಾದರಿಗಳಿಗೆ ಎಬಿಎಸ್ 2018ರ ಏಪ್ರಿಲ್ 1ರಿಂದ, ಆಗಲೇ ತಯಾರಿಕೆಯಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಅದಕ್ಕೂ ಮೊದಲಿನ ಹಳೆಯ ವಾಹನವನ್ನು ಕೊಳ್ಳುವವರು ಈ ವ್ಯವಸ್ಥೆ ಇದೆಯೇ ಎಂದು ಕೇಳಿ ತಿಳಿಯಬೇಕು.

ಮೊಬೈಲ್ ಜೋಡಣೆಯ ಬಗ್ಗೆ ಒಂದು ಮಾತು. ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು 2019ರ ತಿದ್ದುಪಡಿಯ ನಂತರ ಕಲಂ 184ರಡಿ ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ತರಲಾಗಿದೆ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದಂತೆ, ಗಮನಕ್ಕೆ ಭಂಗ ಬಾರದ ರೀತಿಯಲ್ಲಿ ದಾರಿ ತೋರಿಸಲು ಮಾತ್ರ ಅದನ್ನು ಬಳಸಬಹುದು. ಕರೆ ಬಂದ ಸೂಚನೆ ಪರದೆಯ ಮೇಲೆ ಮೂಡಿತೆಂಬ ಮಾತ್ರಕ್ಕೆ ಫೋನ್ ಕೈಗೆತ್ತಿಕೊಳ್ಳಲು ಅನುಮತಿ ದೊರೆತಂತಲ್ಲ.

ನಿಯಂತ್ರಣಗಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ವಾಹನಗಳಲ್ಲಿ ಕಿಕ್ ಹೊಡೆಯುವ ಸನ್ನೆಯೇ ಗೇರ್ ಸನ್ನೆಯೂ ಆಗಿತ್ತು. ಹಳೆಯ ಬುಲೆಟ್‌ಗಳಲ್ಲಿ ಗೇರ್ ಬಲಗಾಲಿಗೆ ಇತ್ತು. ಒಂದು ವಾಹನ ಬಿಟ್ಟು ಇನ್ನೊಂದನ್ನು ಏರಿದವನು ಗೇರ್ ಎಂದು ಬ್ರೇಕ್ ತುಳಿಯುವ ಪ್ರಸಂಗಗಳಿಗೆ ಆಗ ಅವಕಾಶವಿತ್ತು. ಈಗಿನ ಗೇರ್ ಸಹಿತ ಹೊಸ ವಾಹನಗಳಲ್ಲಿ ಗೇರ್ ಎಡಗಾಲಿಗೆ, ಹಿಂದಿನ ಬ್ರೇಕ್ ಬಲಗಾಲಿಗೆ, ಮುಂದಿನ ಬ್ರೇಕ್ ಬಲಗೈಗೆ ಇರುವುದು ರೂಢಿ.

ಸ್ಪೋರ್ಟ್ಸ್ ಮಾದರಿಯ ವಾಹನಕ್ಕೆ ಹ್ಯಾಂಡಲ್ ತಗ್ಗಿನಲ್ಲಿರುತ್ತದೆ ಮತ್ತು ಅದು ತಿರುಗುವ ಕೋನ ಕಿರಿದು. ಇದರಿಂದ ವಾಹನ ತಿರುಗಿಸಲು ಹೆಚ್ಚು ಜಾಗ ಬೇಕಾಗುತ್ತದೆ. ಚಾಲನಾ ಪರೀಕ್ಷೆಯಲ್ಲಿ ಎಂಟರ ಆಕಾರದ ಪಥದಲ್ಲಿ ಕಾಲೂರದೆ ಸಾಗಬೇಕಾದ ಅಭ್ಯರ್ಥಿಗೆ ಇದು ತೊಡಕಾಗಬಹುದು. ಪರೀಕ್ಷೆಗೆ ತಮ್ಮದೇ ಹೊಸ ವಾಹನವನ್ನು ತರಬೇಕೆಂಬ ನಿಬಂಧನೆ ಇಲ್ಲ. ಅದೇ ವರ್ಗಕ್ಕೆ ಸೇರಿದ, ದಾಖಲೆಗಳು ಸರಿಯಾಗಿರುವ, ಅಭ್ಯಾಸವಿರುವ ಗೇರ್ ಸಹಿತ ವಾಹನ ಸಾಕು. ನಿಯಮ 15ರಂತೆ ಹಿನ್ನೋಟದ ಕನ್ನಡಿಯನ್ನು ಸರಿಪಡಿಸಿಕೊಳ್ಳುವುದು, ಎಂಜಿನ್ ಚಾಲೂ ಮಾಡುವ ಮುನ್ನ ಎಚ್ಚರ ವಹಿಸುವುದು, ಗೇರ್‌ಗಳನ್ನು ಕ್ರಮವಾಗಿ ಏರಿಸಿ ಇಳಿಸುವುದು ಪರೀಕ್ಷೆಯ ಭಾಗವಾಗಿವೆ. ಬಲಗೈ ಬಳಿಯ ಕೆಂಪು ಸ್ವಿಚ್ ಬಂದ್ ಆಗಿದ್ದರೆ ಅಥವಾ ಪಕ್ಕದ ಸ್ಟ್ಯಾಂಡ್ ಇಳಿದಿದ್ದರೆ ಹೊಸ ವಾಹನಗಳು ಚಾಲೂ ಆಗದೆ ಇರಬಹುದು. ವಾಹನ ಕೆಟ್ಟಿದೆ ಎಂದು ಗಾಬರಿಯಾಗುವ ಮೊದಲು ಇವೆರಡನ್ನೂ ನೋಡತಕ್ಕದ್ದು.

ಹೆಡ್‌ಲೈಟ್ ಆರಿಸುವ ಸ್ವಿಚ್ ಇಲ್ಲವೆಂಬುದು ಕೆಲವು ಖರೀದಿದಾರರ ದೂರು. 2017ರ ಏಪ್ರಿಲ್ 1ರಿಂದ ಎಂಜಿನ್ ಚಾಲೂ ಆದೊಡನೆ ದೀಪ ತಾನೇ ಉರಿಯುವ ವ್ಯವಸ್ಥೆ ಕಡ್ಡಾಯವಾಗಿರುವುದೇ ಇದಕ್ಕೆ ಕಾರಣ. ಹಗಲಿನಲ್ಲಿಯೂ ಎದುರಿನವರಿಗೆ ದ್ವಿಚಕ್ರ ವಾಹನ ಬೇಗ ಕಾಣಲಿ ಎಂಬುದು ಇದರ ಉದ್ದೇಶ. ಕಬ್ಬಿನ ಹಂಗಾಮಿನಲ್ಲಿ ಈ ಭಾಗದ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ರಾತ್ರಿಯಿಡೀ ಸಾಗುತ್ತವೆ. ಹಿಂಬದಿಯ ದೀಪ, ಪ್ರತಿಫಲಕ ಇಲ್ಲದ ಟ್ರೇಲರ್ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಇಂತಹ ರಸ್ತೆಯಲ್ಲಿ ಮೇಲ್ಕಿರಣ, ಕೆಳಕಿರಣ ಬದಲಿಸುವ ಸ್ವಿಚ್ಚನ್ನು ಕಣ್ಣು ಕೆಳಗೆ ಹಾಕದೆ ಹೆಬ್ಬೆರಳಿನಿಂದಲೇ ಹುಡುಕಲು ಬರಬೇಕು. ಖರೀದಿಸುವಾಗ ಕೈಗವಸು ತೊಟ್ಟು ಎಲ್ಲ ಸ್ವಿಚ್‌ಗಳನ್ನೂ ಒತ್ತಿ ನೋಡುವುದು ಸೂಕ್ತ. ಹಾರ್ನ್ ಮತ್ತು ತಿರುವು ಸೂಚಕದ ಸ್ವಿಚ್‌ಗಳ ಸ್ಥಾನ ಕೆಲವು ಮಾದರಿಗಳಲ್ಲಿ ಅದಲು ಬದಲಾಗಿರುತ್ತದೆ.

ಬದಲಾವಣೆಗಳು

ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಕಲಂ 52 ನಿರ್ಬಂಧಿಸುತ್ತದೆ. ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಕಲಂ 182ಎ(4)ರ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು. ಇದು ವಾಹನದ ಮಾಲೀಕರಿಗೆ ಅನ್ವಯಿಸುತ್ತದೆ. ಮಗನ ಮಾರ್ಪಾಡಿಗೆ, ವಾಹನ ತಂದೆಯ ಹೆಸರಿನಲ್ಲಿದ್ದರೆ, ತಂದೆಯೇ ಉತ್ತರಿಸಬೇಕಾಗುತ್ತದೆ.

ಕನ್ನಡಿ ಕಳಚುವುದು, ಕರ್ಕಶ ಶಬ್ದದ ಸೈಲೆನ್ಸರ್ ಹಾಕಿಸುವುದು, ಹೆಡ್‌ಲೈಟಿಗೆ ಬೇರೆ ಸ್ವಿಚ್ ಜೋಡಿಸುವುದು ಮುಂತಾದವನ್ನು ಮಾಡಿಸಬಾರದು. ಹಿಂಬದಿ ಸವಾರರ ಹಿಡಿಕೆ, ಕಾಲಿಡುವ ಆಸರೆ ಮತ್ತು ಹಿಂಚಕ್ರಕ್ಕೆ ಸೀರೆ ಸಿಲುಕದಂತೆ ಇರುವ ಅಡ್ಡವನ್ನು ನಿಯಮ 123 ಕಡ್ಡಾಯಗೊಳಿಸಿದೆ. ಅಂದಕ್ಕೆ ಅಡ್ಡಿ ಎಂದು ಅವನ್ನು ತೆಗೆಸುವುದೂ ಸರಿಯಲ್ಲ. ಬೇರೆ ಅಳತೆಯ ಟಯರ್ ಅಥವಾ ಚೈನ್ ಸ್ಪ್ರಾಕೆಟ್ ಹಾಕಿಸಿದಲ್ಲಿ, ಮಾಪಕವು ಲೆಕ್ಕ ಹಿಡಿಯುವ ಚಕ್ರದ ಅಥವಾ ಗೇರ್ ಪೆಟ್ಟಿಗೆಯ ಸುತ್ತಿಗೂ ವಾಹನ ಸಾಗಿದ ದೂರಕ್ಕೂ ಇರುವ ಹೊಂದಿಕೆ ತಪ್ಪುತ್ತದೆ. ಆಗ ಫಲಕದಲ್ಲಿ 60 ಎಂದು ಕಂಡರೂ ವಾಹನ ಅದಕ್ಕಿಂತ ವೇಗವಾಗಿ ಓಡುತ್ತಿರಬಹುದು.

ಖರೀದಿಯ ಸಮಯದಲ್ಲಿ ಮಾರಾಟಗಾರರಿಂದ ನಮೂನೆ 21ರ ಮಾರಾಟ ಪ್ರಮಾಣ ಪತ್ರ, ನಮೂನೆ 22ರ ರಸ್ತೆ ಯೋಗ್ಯತಾ ಪ್ರಮಾಣ ಪತ್ರ, ವಿಮಾ ಪತ್ರ, ಐಎಸ್‌ಐ ಗುರುತಿನ ಹೆಲ್ಮೆಟ್ ಹಾಗೂ ಮಾಲೀಕರ ಕೈಪಿಡಿಯನ್ನು ಪಡೆಯತಕ್ಕದ್ದು. ಎಚ್ಚರಿಕೆ ದೀಪಗಳ ಚಿತ್ರಸಹಿತ ವಿವರಣೆ ಕೈಪಿಡಿಯಲ್ಲಿಯೇ ಇರುತ್ತದೆ. ಕಲಿಕಾ ಲೈಸೆನ್ಸ್ ಪಡೆದ 30 ದಿನಗಳ ನಂತರ, ಅದರ ಆರು ತಿಂಗಳ ಅವಧಿ ಮುಗಿಯುವುದರೊಳಗೆ, ಸಾರಥಿ ಅಂತರ್ಜಾಲ ತಾಣದ ಮೂಲಕ ಚಾಲನಾ ಪರೀಕ್ಷೆಯ ದಿನಾಂಕವನ್ನು ಕಾಯ್ದಿರಿಸಬಹುದು.